ಎಣ್ಣೆ ಡಬ್ಬಕ್ಕೆ ಎರಡು ತೂತು

ಆಗ ನಮ್ಮ ಮನೆಯಲ್ಲಿದ್ದದ್ದು ಮೂಗು ಮುಂದಿದ್ದ ಹಳೆಯ ಲಾರಿ. ಹಾಸನದಿಂದ ಆಲೂಗೆಡ್ಡೆ ಹೇರಿಕೊಂಡು ಮಂಗಳೂರಿಗೆ ಇಳಿಯುವುದು, ಬರುವಾಗ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವುದು. ಅತ್ತೆ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಆ ಮನೆಯಲ್ಲಿ ನನಗಿಂತ ಅದಕ್ಕೇ ಉಪಚಾರ ಹೆಚ್ಚು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

1991ರ ಮಳೆಗಾಲ ಕಳೆದ ಮೇಲೆ ಅದಕ್ಕೊಂದು ಕಾಯಿಲೆ ಹಿಡಿಯಿತು. ಇಳಿಯುವಾಗ ತಕರಾರಿಲ್ಲ. ಗುಂಡ್ಯ ದಾಟಿ ಏರು ಹತ್ತತೊಡಗಿದರೆ ಎಳೆತ ಕಮ್ಮಿಯಾಗಿ, ಕೆಮ್ಮಿ, ನಿಂತೇ ಬಿಡುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರಂತೆ ಹೊರಡುವುದು.

"ಡೀಸೆಲ್ ಪ್ರೆಷರ್ ಸಾಲ್ತಿಲ್ಲ" ಅಂದರು ಮೇಸ್ತ್ರಿ. ಟ್ಯಾಂಕಿನಿಂದ ಡೀಸೆಲ್ ಹೀರಲು ಒಂದು ಸಣ್ಣ ಪಂಪು; ಅದು ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ತಳ್ಳುತ್ತದೆ; ದೊಡ್ಡದು ಭಾರಿ ಒತ್ತಡದಲ್ಲಿ ನಾಜಲ್‌ಗಳಿಗೆ ಕಳಿಸುತ್ತದೆ. ಇಷ್ಟನ್ನೂ ನಾನು ಊಟ ಬಡಿಸುತ್ತಾ ಕಲಿತೆ. ಸಣ್ಣ ಪಂಪಿನಿಂದ ಮುಂದೆ ಎಲ್ಲಿ ಸಡಿಲವಿದ್ದರೂ ಡೀಸೆಲ್ ತೊಟ್ಟಿಕ್ಕಿ ಗುಟ್ಟು ರಟ್ಟಾಗುತ್ತದಂತೆ. ಟ್ಯಾಂಕಿಗೂ ಅದಕ್ಕೂ ನಡುವೆ ಸಡಿಲವಿದ್ದರೆ ಮಾತ್ರ ಓಡುವಾಗ ಹನಿಯೂ ಬೀಳದು, ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಅದನ್ನು ಹುಡುಕುವುದೇ ಕಷ್ಟ.

ಫಿಲ್ಟರ್ ಬದಲಾಯಿತು. ತಾಮ್ರದ ವಾಷರು, ರಬ್ಬರ್ ಪೈಪು ಬದಲಾದವು. ಕೊನೆಗೆ ದೊಡ್ಡ ಪಂಪನ್ನೇ ಬಿಚ್ಚಿ ರಿಪೇರಿಗೆ ಕೊಡಬೇಕೆಂದಾಗ ನನ್ನ ಎರಡು ಬಳೆ ಗಿರವಿ ಅಂಗಡಿ ಸೇರಿದವು. ಸಾಲದ ಕಂತು ಬೇರೆ ಎರಡು ಬಾಕಿ. ಪಂಪು ಕೂರಿಸಿದ ಮೊದಲ ಟ್ರಿಪ್ಪಿನಲ್ಲೇ ಲಾರಿ ಅದೇ ಏರಿನಲ್ಲಿ ನಿಂತಿತು. ಮನೆಗೆ ಬಂದ ನಮ್ಮವರು ಅವತ್ತು ಉಣ್ಣಲಿಲ್ಲ.

ಅದರ ಮುಂದಿನ ವಾರ ನಾನೂ ಅತ್ತೆಯೂ ಹರಕೆ ತೀರಿಸಲು ಕುಕ್ಕೆಗೆ ಹೋಗಿದ್ದೆವು. ಬಸ್ಸಿನಲ್ಲಿ ಗುಂಡ್ಯಕ್ಕೆ ಬಂದು, ಹೆಂಚು ಹೇರಿಕೊಂಡು ಬರುತ್ತಿದ್ದ ನಮ್ಮ ಲಾರಿಯನ್ನೇ ಹತ್ತಿದೆವು. ಘಾಟಿಯಲ್ಲಿ ಅದು ತನ್ನ ಪದ್ಧತಿಯಂತೆ ನಿಂತಿತು. ಅತ್ತೆ ಪ್ರಸಾದದ ಪೊಟ್ಟಣ ಬಿಚ್ಚಿ ಎಂಜಿನ್ ಮೇಲಿಟ್ಟರು. ಕ್ಲೀನರ್ ಹುಡುಗ ಡೀಸೆಲ್ ಎಷ್ಟಿದೆ ನೋಡಲು ಕೋಲು ಹಿಡಿದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ ಎಂದು ಉಸಿರೆಳೆದುಕೊಂಡ ಸದ್ದು. ಪಕ್ಕದ ಕಲ್ಲಿನ ಮೇಲೆ ಕೂತಿದ್ದ ನನಗೂ ಕೇಳಿಸಿತು.

"ಈ ಮುಚ್ಚಳ ಯಾವಾಗಿಂದು?" ಎಂದೆ.

"ಹಳೇದು ಬಿದ್ದೋಯ್ತಕ್ಕ. ದಸರಾ ಮುಂಚೆ ಹೊಸದು ತಂದ್ವಿ."

"ಹಳೇದಕ್ಕೆ ತೂತಿತ್ತಾ?"

"ಚಿಕ್ಕದೊಂದಿತ್ತು."

ಎಣ್ಣೆ ಡಬ್ಬಕ್ಕೆ ಮೊಳೆ ಹೊಡೆದವರಿಗೆಲ್ಲ ಗೊತ್ತು. ಒಂದೇ ತೂತಾದರೆ ಎಣ್ಣೆ ಗುಳುಕ್ ಗುಳುಕ್ ಎಂದು ತಡೆದು ಬೀಳುತ್ತದೆ. ಎದುರಿಗೆ ಇನ್ನೊಂದು ತೂತಿದ್ದರೆ ಸರಾಗ. ಎಣ್ಣೆ ಹೋದ ಜಾಗಕ್ಕೆ ಗಾಳಿ ಬರಬೇಡವೇ? ನಮ್ಮವರಿಗೆ ಹೇಳಿದೆ. "ಇದೇನು ನಿನ್ನ ಒಗ್ಗರಣೆ ಡಬ್ಬವಾ?" ಎಂದು ನಕ್ಕರು. ಆದರೂ ಮುಚ್ಚಳ ಸಡಿಲ ಬಿಟ್ಟು, ಬಟ್ಟೆ ಕಟ್ಟಿ, ಹುಡುಗನ ಕೈಲಿ ಪಂಪು ಒತ್ತಿಸಿ ನೊರೆ ಹೋಗುವವರೆಗೆ ಗಾಳಿ ತೆಗೆಸಿದರು. ಲಾರಿ ದೋಣಿಗಾಲ್‌ವರೆಗೂ ಒಂದೇ ಉಸಿರಿನಲ್ಲಿ ಹತ್ತಿತು. ಕ್ಯಾಬಿನ್ನಿನಲ್ಲಿ ಯಾರೂ ಮಾತಾಡಲಿಲ್ಲ.

ಮೇಸ್ತ್ರಿಯನ್ನು ಪೂರ್ತಿ ಬೈಯಲಾರೆ. ಗ್ಯಾರೇಜಿನಲ್ಲಿ ಸುಮ್ಮನೆ ನಿಂತು ಓಡುವ ಎಂಜಿನ್ ಕುಡಿಯುವುದೆಷ್ಟು? ಹೊರೆ ಹೊತ್ತು ಘಾಟಿ ಹತ್ತುವಾಗಲೇ ಅದಕ್ಕೆ ದಾಹ. ಆದರೆ ಎರಡು ತಿಂಗಳಲ್ಲಿ ಲಾರಿಗೆ ಹೊಸದಾಗಿ ಏನು ಬಂತು ಎಂದು ಒಬ್ಬರೂ ಕೇಳಲಿಲ್ಲ, ಅದೇ ನನಗೆ ಬೇಸರ.

ಮಾರನೆಯ ದಿನ ಗುಜರಿಯಲ್ಲಿ ಗಾಳಿತೂತಿನ ಹಳೆಯ ಮುಚ್ಚಳ ಸಿಕ್ಕಿತು. ಬೆಲೆ ನೆನಪಿಲ್ಲ, ಹೇಳಿಕೊಳ್ಳುವಷ್ಟಿರಲಿಲ್ಲ. ಲಾರಿ ಸ್ಟ್ಯಾಂಡಿನಲ್ಲಿ ನಮ್ಮವರು ಅದನ್ನು ತಾವೇ ಕಂಡುಹಿಡಿದದ್ದೆಂದು ಬಹಳ ದಿನ ಹೇಳಿಕೊಂಡರು. ನಾನು ತಿದ್ದಲಿಲ್ಲ. ಬಳೆಗಳಲ್ಲಿ ಒಂದನ್ನು ವರ್ಷದ ಮೇಲೆ ಬಿಡಿಸಿಕೊಂಡೆವು. ಇನ್ನೊಂದು ಬಡ್ಡಿಗೇ ಹೋಯಿತು.