ಬ್ರೇಕಿಗೆ ಕೀಲೆಣ್ಣೆ

ಬಂಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುವುದು ಹಿರಿಯರಿಂದ ಬಂದ ಪದ್ಧತಿ. ಅದೇ ನ್ಯಾಯವನ್ನು ಗುಡ್ಡಗಾಡು ಸೈಕಲ್ಲಿನ ಡಿಸ್ಕ್ ಬ್ರೇಕಿಗೂ ಹಚ್ಚಹೋದರೆ ಪ್ರಾಣಕ್ಕೇ ಸಂಚಕಾರ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಹುಡುಗನು ಮಾಡಿದುದೂ ಅದನ್ನೇ. ಗಾಲಿ ಕಿರುಚಿತೆಂದು ಬ್ರೇಕಿನ ಬಿಲ್ಲೆಗೆ ಎಣ್ಣೆ ಬಿಟ್ಟನು. ಕಿರುಚಾಟವು ಇಮ್ಮಡಿಸಿತು, ಹಿಡಿತವೋ ಮಾಯವಾಯಿತು. ಕುಂದವಾಡ ಕೆರೆಯ ಏರಿಯಿಂದ ಇಳಿಯುವಾಗ ಸೈಕಲ್ಲು ನಿಲ್ಲಲೊಲ್ಲದೆ, ಕಾಲೂರಿ ಉಳಿದುಕೊಂಡನಂತೆ.

ಈ ಬ್ರೇಕು ನಡೆಯುವುದು ಒಣ ಘರ್ಷಣೆಯ ಬಲದಿಂದ. ಎಣ್ಣೆ ಕುಡಿದ ಪ್ಯಾಡು ಬಹುಮಟ್ಟಿಗೆ ಗುಣವಾಗದು. ಆದಕಾರಣ ಹೊಸ ಜೋಡಿಯನ್ನೇ ತರಿಸಿದೆವು. ಬಿಲ್ಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಶುಭ್ರವಾದ ಅರಿವೆಯಿಂದ ಒರೆಸಿ, ಮತ್ತೆ ಬೆರಳು ಸೋಕಿಸಲಿಲ್ಲ. ಕೆಡಿಸಲು ಕೈಯ ಜಿಡ್ಡೂ ಸಾಕು. ಬಳಿಕ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಸಡಿಲಿಸಿ, ಬ್ರೇಕಿನ ಹಿಡಿಯನ್ನು ಅದುಮಿಕೊಂಡೇ ಮರಳಿ ಬಿಗಿಯಲು, ಅದು ಬಿಲ್ಲೆಗೆ ನೇರವಾಗಿ ಕುಳಿತಿತು.

ಇಷ್ಟಾದರೂ ಹೊಸ ಪ್ಯಾಡಿಗೆ ಮೊದಲ ದಿನವೇ ಕಸುವು ಬಾರದು. ಸಮನಾದ ಬೀದಿಯಲ್ಲಿ ವೇಗವಾಗಿ ಬಿಟ್ಟು, ಪೂರ್ತಿ ನಿಲ್ಲಿಸದೆ ನಿಧಾನಗೊಳಿಸುವುದನ್ನು 20 ಸಲವಾದರೂ ಮಾಡಬೇಕು. ಪ್ಯಾಡಿನ ತೆಳುವಾದ ಪದರವೊಂದು ಬಿಲ್ಲೆಯ ಮೇಲೆ ಕೂತ ತರುವಾಯವೇ ಹಿಡಿತ ಬಲಿಯುವುದು. ಹುಡುಗನಿಗೆ ಇದೊಂದು ಆಟವಾಯಿತು. ಅವನ ತಾಯಿ ಮಾತ್ರ ಬಾಗಿಲಲ್ಲಿ ನಿಂತು ಇಪ್ಪತ್ತನ್ನೂ ಎಣಿಸಿದರು.