ಹಿಂದಿನ ಸಾಲಿನಲ್ಲಿ ಕುಳಿತು

ಪುಣೆಯ ದಕ್ಷಿಣದಲ್ಲಿರುವ ಧನಕವಡಿಗೆ ವಿದ್ಯೆ ಹೊಸತಲ್ಲ. ಭಾರತಿ ವಿದ್ಯಾಪೀಠದ ವಿಸ್ತಾರವಾದ ಆವರಣ ಇಲ್ಲಿಯೇ ಇದೆ. ಬೆಳಗಾದರೆ ಸಾತಾರಾ ರಸ್ತೆಯ ಬಸ್ಸುಗಳು ವಿದ್ಯಾರ್ಥಿಗಳಿಂದ ತುಂಬಿರುತ್ತವೆ. ಇದೇ ಬಡಾವಣೆಯಲ್ಲಿ ನಾವು ಕೆಲವು ನಿವೃತ್ತ ಶಿಕ್ಷಕರು ಭಾನುವಾರಗಳಂದು ನೆರೆಹೊರೆಯ ಮಕ್ಕಳಿಗೆ ಕನ್ನಡ ಕಲಿಸುತ್ತ ಬಂದಿದ್ದೇವೆ. ಈಚೆಗೆ ಮಕ್ಕಳಿಗೆ ಕಲಿಸುವುದಕ್ಕಿಂತ, ಕಲಿಸುವವರನ್ನು ಸಿದ್ಧಗೊಳಿಸುವುದೇ ನಮ್ಮ ಮುಖ್ಯ ಕೆಲಸವಾಗಿದೆ. ತರುಣರು ಮುಂದೆ ಬಾರದಿದ್ದರೆ ಈ ತರಗತಿ ನಮ್ಮೊಡನೆಯೇ ಮುಗಿದುಹೋಗುತ್ತದೆ.

ಹೊಸ ಶಿಕ್ಷಕರ ಬೆನ್ನಿಗೆ ನಿಲ್ಲುವ ಪರಂಪರೆ ಈ ನಗರಕ್ಕೆ ಹಳೆಯದು. 1848ರಲ್ಲಿ ಭಿಡೆವಾಡೆಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆಯವರಿಗೆ ಅಕ್ಷರ ಕಲಿಸಿದವರು ಪತಿ ಜೋತಿರಾಯರು. ಮುಂದಿನ ಓದಿಗೆ ನೆರವಾದವರು ಅವರ ಮಿತ್ರರು. ನಮ್ಮ ಕಡೆಯಲ್ಲಿ, ಮುಂಬಯಿ ಪ್ರಾಂತದ ಆಡಳಿತದ ಕಾಲದಲ್ಲಿ, ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಶಿಕ್ಷಕರನ್ನು ರೂಪಿಸಿದರು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳು ತಲೆಯೆತ್ತಬೇಕಾದರೆ ಮೊದಲು ಬೇಕಾದವರು ಶಿಕ್ಷಕರೆಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮ ಪದ್ಧತಿ ಸರಳವಾದುದು. ಹೊಸಬರ ಪಾಠ ನಡೆಯುವಾಗ ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇವೆ. ನಡುವೆ ಬಾಯಿ ಹಾಕುವುದಿಲ್ಲ. ಪಾಠ ಮುಗಿದ ಮೇಲೆ ಮೊದಲ ಮಾತು ಅವರದೇ. ನಾವು ಹೇಳುವುದು ಒಂದೇ ಒಂದು ವಿಷಯ, ಮುಂದಿನ ವಾರವೇ ಮಾಡಿನೋಡಬಹುದಾದದ್ದು. ಅಂಕ ಕೊಡುವುದಿಲ್ಲ. ತನ್ನನ್ನು ಅಳೆಯುತ್ತಿದ್ದಾರೆಂಬ ಅನುಮಾನ ಬಂದ ಶಿಕ್ಷಕ ತನ್ನ ತೊಡಕನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತೊಡಕಿಗೆ ಯಾರೂ ನೆರವಾಗಲಾರರು.

ಮಕ್ಕಳ ತಪ್ಪನ್ನು ಓದಲು ಕಲಿಸುವುದು ಎರಡನೆಯ ಕೆಲಸ. ಮರಾಠಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವದೀರ್ಘಗಳ ಭೇದವಿಲ್ಲ. ಹೀಗಾಗಿ ಇಲ್ಲಿಯ ಮಗು ‘ಕೊಡು’ ಎಂದು ಬರೆಯಬೇಕಾದಲ್ಲಿ ‘ಕೋಡು’ ಎಂದು ಬರೆಯುತ್ತದೆ. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ. ಆದುದರಿಂದ ‘ಬಸ್ಸು ಬಂದಳು’ ಎನ್ನುತ್ತದೆ. ಹೊಸ ಶಿಕ್ಷಕರಿಗೆ ಮೊದಲು ನಗು ಬರುತ್ತದೆ, ಇಲ್ಲವೆ ಸಿಟ್ಟು. ಆ ಮಗು ಒಂದು ಭಾಷೆಯ ನಿಯಮವನ್ನು ಇನ್ನೊಂದಕ್ಕೆ ನಿಷ್ಠೆಯಿಂದ ಅನ್ವಯಿಸಿದೆ ಎಂಬುದು ತಿಳಿದ ಮೇಲೆ ಅವರ ಪಾಠದ ದಾರಿಯೇ ಬದಲಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ಶಿಕ್ಷಕರ ಧೈರ್ಯವನ್ನು ಕಾಯುವುದು. ವಿಜಯಪುರದ ಕಡೆಯ ತರುಣಿಯೊಬ್ಬಳು ನಮ್ಮಲ್ಲಿ ಪಾಠ ಆರಂಭಿಸಿದ್ದಳು. ‘ಅಜ್ಜ ಬರಾಕತ್ತಾರ’ ಎಂದು ಅವಳು ಕತೆ ಹೇಳುತ್ತಿದ್ದುದನ್ನು ಕೇಳಿ ಪಾಲಕರೊಬ್ಬರು, “ಮಕ್ಕಳಿಗೆ ಶುದ್ಧ ಕನ್ನಡ ಕಲಿಸಿರಿ” ಎಂದರು. ಅಂದು ಸಂಜೆ ಅವಳು, “ಮುಂದಿನ ವಾರದಿಂದ ನಾ ಬರೂದಿಲ್ಲರಿ” ಎಂದಳು. ಸಮಾಧಾನದ ಮಾತುಗಳು ಅವಳನ್ನು ಉಳಿಸಲಾರವೆಂದು ನಮಗೆ ತೋರಿತು. ಇನ್ನೊಂದೇ ಪಾಠ ಮಾಡೆಂದು ಕೇಳಿಕೊಂಡೆವು. ಆ ಪಾಲಕರನ್ನೂ ಕರೆದು ನಮ್ಮ ಪಕ್ಕದಲ್ಲಿಯೇ ಕೂರಿಸಿಕೊಂಡೆವು. ಅವಳು ಹಲಗೆಯ ಮೇಲೆ ‘ಬರಾಕತ್ತಾರ’ ಎಂದು ಬರೆದು, ಅದರ ಪಕ್ಕದಲ್ಲಿ ‘ಬರುತ್ತಿದ್ದಾರೆ’ ಎಂದು ಬರೆದಳು, ಯಾವುದನ್ನು ಎಲ್ಲಿ ಬಳಸುತ್ತೇವೆಂದು ವಿವರಿಸಿ, “ನಿಮ್ಮ ಮನ್ಯಾಗ ಏನಂತೀರಿ?” ಎಂದು ಕೇಳಿದಳು. ಮಂಡ್ಯದ ಮನೆಯ ಹುಡುಗನೊಬ್ಬ ಎದ್ದು ನಿಂತು “ಬರ್ತಾವ್ರೆ” ಎಂದ. ಹಲಗೆಯ ಮೇಲೆ ಮೂರು ಕನ್ನಡಗಳಾದವು. ಪಾಲಕರು ಕೊನೆಯವರೆಗೂ ಕುಳಿತಿದ್ದರು. ಅವಳು ಮುಂದಿನ ವಾರವೂ ಬಂದಳು.

ನಮ್ಮ ತರಗತಿಯಲ್ಲಿ ಕನ್ನಡ ಕಲಿಸುವವರಿಗೆ ಸಂಬಳವಿಲ್ಲ, ಬಡ್ತಿಯಿಲ್ಲ. ಅವರನ್ನು ಹಿಡಿದಿಡುವುದು ತಮ್ಮ ಮಾತಿಗೆ ಬೆಲೆಯಿದೆಯೆಂಬ ನಂಬಿಕೆಯೊಂದೇ. ಅವರು ನಮ್ಮಂತೆಯೇ ಪಾಠ ಮಾಡಲೆಂದು ಬಯಸಿದರೆ ಆ ನಂಬಿಕೆಯನ್ನು ನಾವೇ ಕಸಿದಂತಾದೀತು. ಬರುವ ಜೂನಿನಲ್ಲಿ ಇನ್ನಿಬ್ಬರು ಹೊಸಬರು ಸೇರಲಿದ್ದಾರೆ. ಅವರ ಪಾಠಕ್ಕೆ ಹಿಂದಿನ ಸಾಲಿನಲ್ಲಿ ಕೂರುವವಳು ಆ ತರುಣಿಯೇ ಎಂದು ತೀರ್ಮಾನಿಸಿದ್ದೇವೆ.