ಕಡಲ ದಂಡೆಯಲ್ಲೊಂದು ದಾಸೋಹ

2024ರ ಜೂನ್ ತಿಂಗಳಿನಲ್ಲಿ ನನ್ನ ಹಿರಿಯ ಮಗಳನ್ನು ಮಂಗಳೂರಿನ ಸಂತ ಅಲೋಶಿಯಸ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ತರಗತಿಗೆ ಸೇರಿಸಿ, ರಾತ್ರಿಯ ಬಸ್ಸು ಹಿಡಿದು ರೋಣ ತಾಲ್ಲೂಕಿನ ನಮ್ಮ ಊರಿಗೆ ಮರಳಿದೆನು. ಮನೆಯ ಹೊಸ್ತಿಲು ದಾಟುವ ಮೊದಲೇ ನನ್ನ ವೃದ್ಧ ತಾಯಿಯವರು ಕೇಳಿದ ಪ್ರಶ್ನೆ ಒಂದೇ: “ಅಲ್ಲಿ ಕೊರಳಾಗಿನ ಲಿಂಗ ತೆಗಿ ಅಂದ್ರ ಕೂಸು ಏನ್ ಮಾಡ್ತೈತಿ?”

ಹಾಗೆ ಯಾರೂ ಹೇಳುವುದಿಲ್ಲವೆಂದು ಸಮಾಧಾನದ ಮಾತನ್ನೇನೋ ಆಡಿದೆನು. ಆದರೆ ಅದೇ ಅಳುಕು ನನ್ನೊಳಗೂ ಇದ್ದಿತೆಂಬುದನ್ನು ಮುಚ್ಚಿಡಲಾರೆ. ಬಾವುಟಗುಡ್ಡೆಯ ಮೇಲಿನ ಆ ವಿದ್ಯಾಸಂಸ್ಥೆಯು 1880ರಲ್ಲಿ ಯೇಸುಸಭೆಯ ಪಾದ್ರಿಗಳಿಂದ ಆರಂಭವಾದುದು. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆಯಿತು. ಇಟಲಿಯ ಆಂಟೋನಿಯೊ ಮೊಸ್ಕೇನಿಯವರು ಗೋಡೆ, ಮಾಡುಗಳ ತುಂಬ ಚಿತ್ರ ಬರೆದ ಅಲ್ಲಿನ ಪ್ರಾರ್ಥನಾ ಮಂದಿರವನ್ನು ನಾನೂ ಮಗಳೂ ಬೆರಗಿನಿಂದ ನೋಡಿದ್ದೆವು. ಹೊರಗೆ ಬಂದಾಗ ಆಕೆಯ ಕೈ ತಾನಾಗಿಯೇ ಕೊರಳಿನ ಶಿವದಾರವನ್ನು ಮುಟ್ಟಿ ನೋಡಿಕೊಂಡಿತು. ಅದನ್ನು ಕಂಡೂ ಕಾಣದವನಂತೆ ನಡೆದೆನು.

ಆ ರಾತ್ರಿ ಬಸ್ಸಿನಲ್ಲಿ ನಿದ್ರೆ ಬಾರದೆ ಕುಳಿತಾಗ ನನ್ನ ಬಾಲ್ಯ ನೆನಪಾಯಿತು. 1982ರಿಂದ ಮೂರು ವರ್ಷ ನಾನು ತುಮಕೂರಿನ ಸಿದ್ಧಗಂಗಾ ಮಠದಲ್ಲಿದ್ದು ಹೈಸ್ಕೂಲು ಓದಿದವನು. ಡಾ. ಶಿವಕುಮಾರ ಮಹಾಸ್ವಾಮಿಗಳವರ ಆ ನೆರಳಿನಲ್ಲಿ ಅನ್ನ, ಅಕ್ಷರ, ಆಶ್ರಯಗಳಿಗೆ ಜಾತಿ ಮತಗಳ ಗೋಡೆ ಇರಲಿಲ್ಲ. ಸಂಜೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದವನು ಒಬ್ಬ ಮುಸಲ್ಮಾನ ಹುಡುಗ. ಒಮ್ಮೆ ಅವನ ತಂದೆ ಮಗನನ್ನು ನೋಡಲು ಬಂದಿದ್ದರು. ಪ್ರಸಾದದ ಸಾಲಿನಲ್ಲಿ ಮಗನು ನಮ್ಮೊಡನೆ ಮುದ್ದೆ ಸಾರು ಉಣ್ಣುತ್ತಿದ್ದುದನ್ನು ಆತ ದೂರದಲ್ಲಿ ನಿಂತು ಬಹಳ ಹೊತ್ತು ನೋಡುತ್ತಿದ್ದರು. ಆಗ ನಾವು ಹುಡುಗರು ಅದಕ್ಕೆ ನಕ್ಕಿದ್ದೆವು. ನಾಲ್ಕು ದಶಕಗಳ ತರುವಾಯ, ನಾನೂ ಒಬ್ಬ ತಂದೆಯಾಗಿ ಮಗಳನ್ನು ಅನ್ಯಮತೀಯರ ಅಂಗಳದಲ್ಲಿ ಬಿಟ್ಟು ಬಂದ ದಿನ, ಆ ಮನುಷ್ಯನ ನೋಟದಲ್ಲಿ ಇದ್ದುದೇನೆಂದು ನನಗೆ ಅರ್ಥವಾಯಿತು. ನಮ್ಮ ಮಠವನ್ನು ನಂಬಿ ಆತ ಮಗನನ್ನು ಬಿಟ್ಟು ಹೋದರು. ಆ ನಂಬಿಕೆಯ ತೂಕವೆಷ್ಟೆಂಬುದನ್ನು ನಾನು ಅಂದು ಅರಿತಿರಲಿಲ್ಲ.

ಮೊದಲ ತಿಂಗಳು ಮಗಳ ಫೋನು ಬಂದಾಗಲೆಲ್ಲ ದನಿ ಕುಗ್ಗಿರುತ್ತಿತ್ತು. ಕೊರಗು ಧರ್ಮದ್ದಾಗಿರಲಿಲ್ಲ, ಮಾತಿನದಾಗಿತ್ತು. ಸುತ್ತಲೂ ತುಳು, ಕೊಂಕಣಿ, ಬ್ಯಾರಿ. ಕನ್ನಡವೂ ಪುಸ್ತಕದ ಕನ್ನಡದಂತೆ. “ಅಪ್ಪಾ, ನಾ ಮಾತಾಡಿದ್ರ ಯಾರೂ ನಗಂಗಿಲ್ಲ, ಆದ್ರ ನನಗ ಬಾಯಿ ತೆರಿಯಾಕ ನಾಚಿಕಿ ಆಗ್ತೈತಿ” ಎಂದಳು. ಊರಿಗೆ ಕರೆತರಬೇಕೆಂದು ಮನೆಯಲ್ಲಿ ಚರ್ಚೆಯೂ ನಡೆಯಿತು.

ಅಷ್ಟರಲ್ಲಿ ಆಕೆ ಆ ಸಂಸ್ಥೆಯ ‘ರೇಡಿಯೋ ಸಾರಂಗ್’ ಎಂಬ ಸಮುದಾಯ ಬಾನುಲಿಯ ಕೆಲಸಕ್ಕೆ ಸೇರಿಕೊಂಡಳು. 2009ರಲ್ಲಿ ಆರಂಭವಾದ ಈ ಕೇಂದ್ರವು 107.8 ಮೆಗಾಹರ್ಟ್ಸ್‌ನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮುಂತಾದ ಭಾಷೆಗಳಲ್ಲಿ ಪ್ರಸಾರ ಮಾಡುತ್ತದೆ. ಕೇಂದ್ರ ಸರ್ಕಾರದ 2006ರ ನೀತಿಯಂತೆ ಸಮುದಾಯ ಬಾನುಲಿಯ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದಲೇ ರೂಪುಗೊಳ್ಳಬೇಕು. ಆದುದರಿಂದ ಮೈಕನ್ನು ಹೊತ್ತು ಜನರ ಬಳಿಗೇ ಹೋಗಬೇಕಾಗುತ್ತದೆ.

ಒಂದು ಭಾನುವಾರ ಆಕೆ ಸಹಪಾಠಿಗಳೊಡನೆ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಹೋದಳು. ಮಂಗಳೂರಿನ ಬಹುಮಹಡಿ ಕಟ್ಟಡಗಳಿಗೆ ಇಟ್ಟಿಗೆ, ಉಸುಕು ಹೊರುವವರಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಸೀಮೆಯಿಂದ ದುಡಿಯಲು ಬಂದವರು ಬಹಳ. ಅಲ್ಲಿನ ಹೆಣ್ಣುಮಗಳೊಬ್ಬಳು ಇತರರ ಪ್ರಶ್ನೆಗಳಿಗೆ ತಲೆಯಾಡಿಸುತ್ತಿದ್ದಳಷ್ಟೆ. ನನ್ನ ಮಗಳು ನಮ್ಮ ಮನೆಯ ಮಾತಿನಲ್ಲಿ ಕೇಳಿದಾಗ ಆಕೆ ಕೈಯ ಬುಟ್ಟಿ ಕೆಳಗಿಟ್ಟು, “ಯಾವೂರಾಕಿ ಬೇ ನೀ?” ಎಂದು ಹತ್ತಿರ ಬಂದಳಂತೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇರುವುದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಹೆಸರು ನೋಂದಾಯಿಸಿಕೊಳ್ಳಬಹುದಾದುದು, ಅದರಿಂದ ಸಹಾಯಧನ ದೊರೆಯುವುದು, ಇವೊಂದೂ ಆಕೆಗೆ ತಿಳಿದಿರಲಿಲ್ಲ. ಮಗಳು ಅದನ್ನೆಲ್ಲ ರೋಣದ ಮಾತಿನಲ್ಲೇ ಬಿಡಿಸಿ ಹೇಳಿದಳು. ಯಾವ ನುಡಿಗಾಗಿ ಆಕೆ ನಾಚುತ್ತಿದ್ದಳೋ, ಆ ನುಡಿಯೇ ಅಲ್ಲಿ ದಾಸೋಹದ ದ್ರವ್ಯವಾಯಿತು.

ಅಲ್ಪಶಕ್ತಿಯ ಆ ಬಾನುಲಿಯ ಅಲೆಗಳು ನಮ್ಮ ಊರಿಗೆ ಮುಟ್ಟಲಾರವು. ಧ್ವನಿಮುದ್ರಿಕೆಯನ್ನು ಆಕೆ ಫೋನಿಗೆ ಕಳುಹಿಸಿದಳು. ಸಂಜೆಯ ಲಿಂಗಪೂಜೆ ಮುಗಿಸಿದ ತಾಯಿಯವರ ಮುಂದೆ ಅದನ್ನಿಟ್ಟೆನು. ಮೊಮ್ಮಗಳ ದನಿಯನ್ನೂ, ಆ ದುಡಿಯುವ ಹೆಣ್ಣುಮಗಳ ದನಿಯನ್ನೂ ಅವರು ಕಣ್ಣುಮುಚ್ಚಿ ಕೇಳಿದರು. ಲಿಂಗದ ಮಾತು ಕೇಳುವರೆಂದು ಕಾದಿದ್ದೆನು. ಅವರು ಕೇಳಿದ್ದು ಬೇರೆ: “ಆ ಹೆಣ್ಮಗಳಿಗೆ ಕಾರ್ಡ್ ಸಿಕ್ತೇನು?”

ಮಗಳನ್ನು ವಿಚಾರಿಸಿದೆನು. ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಇನ್ನೂ ದೊರೆತಿಲ್ಲವೆಂದೂ, ಮುಂದಿನ ಭಾನುವಾರ ಮತ್ತೆ ಹೋಗುವುದಾಗಿಯೂ ತಿಳಿಸಿದಳು. ಹಾಗೆಯೇ, ತನ್ನ ಬೆಳಗಿನ ಪೂಜೆಗೆ ಇದುವರೆಗೆ ಯಾರ ಅಡ್ಡಿಯೂ ಆಗಿಲ್ಲ, ಕೋಣೆಯ ಕ್ರೈಸ್ತ ಗೆಳತಿ ಆ ಹೊತ್ತಿನಲ್ಲಿ ತಾನಾಗಿಯೇ ದನಿ ತಗ್ಗಿಸುತ್ತಾಳೆ ಎಂದಳು.

ಎಲ್ಲವನ್ನೂ ಕೇಳಿ ನಮ್ಮ ತಾಯಿಯವರು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿಯ ನೋಟೊಂದನ್ನು ನನ್ನ ಕೈಗಿತ್ತು, “ಐತವಾರ ಬಸ್ಸಿಗೆ ಬೇಕಾಗ್ತೈತಿ, ಕೂಸಿಗೆ ಕಳಸು” ಎಂದರು.